ಕೆಂದ, ಕರಿಯ ಮತ್ತು ದಲ್ಲಾಳಿ ಕಾಕಾ

ಕಾಕಾನ ಮೂಗು ದೊಡ್ಡದು. ನಶ್ಯ ಏರಿಸಿ ಏರಿಸಿ ಹೊಳ್ಳೆಗಳ ಅಂಚು ಸುಟ್ಟ ರೊಟ್ಟಿಯ ಅಂಚಿನಂತೆ ಕಂದು ಹಿಡಿದಿತ್ತು. ನಶ್ಯ ಹಾಕುವವರಿಗೆ ವಾಸನೆ ತಿಳಿಯುವುದಿಲ್ಲ ಎನ್ನುತ್ತಾರೆ. ಕಾಕಾನ ಮಟ್ಟಿಗೆ ಅದು ಸುಳ್ಳು. ಚಹಾ ಬಂದರೆ ಮೊದಲು ಮೂಸುತ್ತಿದ್ದರು. ಎತ್ತಿನ ಬಾಯಿ ಬಿಡಿಸಿ ಮೂಸುತ್ತಿದ್ದರು. ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗಲೂ ತಾಟಿನ ಮೇಲೆ ಒಂದು ಸಲ ಬಗ್ಗಿ ಏಳುತ್ತಿದ್ದರು. ಬೀಗರು ಮುಖ ಕೆಡಿಸಿಕೊಂಡರೆ, "ನಿಮ್ಮ ಮ್ಯಾಲೆ ಅನುಮಾನ ಇಲ್ರಿ, ಜ್ವಾಳದ ಮ್ಯಾಲೆ" ಅನ್ನುತ್ತಿದ್ದರು.

ಮಸ್ಕಿಯಲ್ಲಿ ಅವರ ಮನೆ. ಕಸುಬು ದನದ ದಲ್ಲಾಳಿ. ಸಿಂಧನೂರಿನಿಂದ ಲಿಂಗಸುಗೂರಿನ ತನಕ ಯಾವ ಸಂತೆಯಲ್ಲಿ ಎತ್ತು ಕೈ ಬದಲಾದರೂ ಕಾಕಾನ ಟವೆಲ್ ನಡುವೆ ಇರುತ್ತಿತ್ತು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾರುವವನ ಮನಸ್ಸು ಒಂದು, ಕೊಳ್ಳುವವನ ಮನಸ್ಸು ಇನ್ನೊಂದು ತಿಳಿದುಕೊಂಡು ಎರಡನ್ನೂ ಕೂಡಿಸುವ ಕೆಲಸ. ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ನಮ್ಮಪ್ಪನಿಗೆ ಎರಡು ಜೋಡಿ ಎತ್ತು ಕೊಡಿಸಿದ್ದರು, ಅಷ್ಟಕ್ಕೇ ನಮ್ಮ ಮನೆಯಲ್ಲಿ ಕಾಕಾ ಆದರು. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಆ ಎತ್ತುಗಳ ಹಿಂದೆ ನಡೆದವನು. ಓದಿದವರ ಮುಂದೆ ತಲೆ ತಗ್ಗಿಸಿ ನಿಂತವನಲ್ಲ. ದುಡಿದು ಉಂಡಿದ್ದೇನೆ, ಯಾರ ಮನೆಯ ಹಂಗೂ ಇಲ್ಲ. ಆದರೆ ಏನಾದರೂ ಕೊಳ್ಳುವ ಹೊತ್ತು ಬಂದರೆ ನನ್ನ ಕಾಲು ತಾನಾಗಿ ಮಸ್ಕಿಯ ಕಡೆ ತಿರುಗುತ್ತಿತ್ತು.

ಕಾಕಾನಿಗೆ ಜಗತ್ತಿನಲ್ಲಿ ಯಾರ ಮೇಲೂ ನಂಬಿಗೆ ಇರಲಿಲ್ಲ. ಬಸ್ಸಿನ ಬೋರ್ಡು ಓದಿಸಿಕೊಂಡ ಮೇಲೂ ಇನ್ನಿಬ್ಬರನ್ನು ಕೇಳಿ ಹತ್ತುತ್ತಿದ್ದರು. ಮಾತು ಶುರುಮಾಡುವ ಮೊದಲೇ ನಗುವವನನ್ನು ಕಂಡರೆ ಟವೆಲ್ ಬಿಗಿ ಮಾಡಿಕೊಳ್ಳುತ್ತಿದ್ದರು. ಅವರ ಒಂದು ಮಾತು ನಮ್ಮ ಕಡೆಯ ಸಂತೆಗಳಲ್ಲಿ ಈಗಲೂ ಓಡಾಡುತ್ತದೆ: "ತೊಳೆದ ಎತ್ತು, ನಗೋ ಮಾರಾವ, ಎರಡನ್ನೂ ಮರುದಿನ ನೋಡು." ತೊಳೆದ ಎತ್ತಿನ ಹೆಗಲ ಹುಣ್ಣು ಕಾಣುವುದಿಲ್ಲ. ನಗುವವನ ಹೊಟ್ಟೆಯ ಮಾತೂ ಕಾಣುವುದಿಲ್ಲ.

ನಮಗೂ ಅವರ ಮೇಲೆ ಅಷ್ಟೇ ಅನುಮಾನ. ದಲ್ಲಾಳಿ ಎಂದರೆ ಎರಡೂ ಕಡೆ ಕೈ ಚಾಚುವವನು. "ಕಾಕಾ, ಆ ಕಡಿಯಾಂವ ನಿಮಗ ಏನು ಕೊಟ್ಟಾನ್ರಿ?" ಎಂದು ಕೇಳಿದರೆ ಸಿಟ್ಟಾಗುತ್ತಿರಲಿಲ್ಲ. "ಕೊಟ್ಟಾನ. ಕೊಡಲಿಲ್ಲಂದ್ರ ಅವನ ಎತ್ತಿನ ಗುಟ್ಟು ನನಗ ಹ್ಯಾಂಗ ತಿಳಿಬೇಕು?" ಅನ್ನುತ್ತಿದ್ದರು. ಆದರೆ ಒಂದು ಕಟ್ಟು ಇತ್ತು. ಬೆಲೆಯಲ್ಲಿ ಏರುಪೇರು ಮಾಡಬಹುದು, ದನದ ಬಗ್ಗೆ ಸುಳ್ಳು ಆಡಬಾರದು. ಕೆಟ್ಟ ಎತ್ತನ್ನು ಚಲೋ ಎನ್ನಬಾರದು. ಚಲೋ ಎತ್ತನ್ನು ಕೆಟ್ಟದ್ದು ಎನ್ನುವುದಂತೂ ಅದಕ್ಕಿಂತ ದೊಡ್ಡ ಪಾಪ, ಯಾಕೆಂದರೆ ಬಸವಣ್ಣ ಎದ್ದು ನಿಂತು ತನ್ನ ಪರವಾಗಿ ಮಾತಾಡಲಾರ. ಕಾಕಾನ ಅನ್ನ ನಿಂತದ್ದು ಆ ಕಟ್ಟಿನ ಮೇಲೆ.

ಈಚಿನ ವರ್ಷಗಳಲ್ಲಿ ಎತ್ತಿನ ವ್ಯಾಪಾರ ಇಳಿಯಿತು. ನಾನೂ ಎತ್ತು ಬಿಟ್ಟು ಟ್ರ್ಯಾಕ್ಟರ್ ಹಿಡಿದೆ. ನಮ್ಮದು ವಳಕಮದಿನ್ನಿಯ ಕಾಲುವೆ ನೀರಿನ ಭೂಮಿ. ನೆಲ್ಲಿನ ಗದ್ದೆಯ ಉಳುಮೆಗೆ ಟ್ರ್ಯಾಕ್ಟರ್ ಬೇಕು, ನಿಜ. ಆದರೆ ಗದ್ದೆಯಿಂದ ಗದ್ದೆಗೆ ಸಸಿಯ ಕಟ್ಟು ಸಾಗಿಸಲು, ಗೊಬ್ಬರದ ಚೀಲ ಒಯ್ಯಲು ಬದುವಿನ ಮೇಲೆ ಅದು ಹಿಡಿಸುವುದಿಲ್ಲ. ಹೊರುವ ಆಳು ಸಿಗುವುದಿಲ್ಲ. ಸಿಕ್ಕರೂ ಮಧ್ಯಾಹ್ನದ ಹೊತ್ತಿಗೆ "ಕುತ್ತಿಗಿ ನೋವ್ರಿ" ಎಂದು ಕೂತುಬಿಡುತ್ತಾರೆ. ಹೀಗಿರುವಾಗ ಕಾರಟಗಿ ಕಡೆ ಒಬ್ಬರು ನಾಲ್ಕು ಗಾಲಿ ಬೈಕಿನಲ್ಲಿ ಬದುವಿನ ಗುಂಟ ಗೊಬ್ಬರ ಸಾಗಿಸುವುದನ್ನು ಕಂಡೆ. ಕಂಪನಿಯವರು ಅದಕ್ಕೆ ಎಟಿವಿ ಅನ್ನುತ್ತಾರೆ. ಸಮುದ್ರದ ದಂಡೆಯಲ್ಲಿ ಹುಡುಗರು ಸುತ್ತು ಹೊಡೆಯುವ ಆಟದ ಗಾಡಿಯಲ್ಲ. ದೊಡ್ಡ ಇಂಜಿನ್ನಿನದು, ನಾಲ್ಕೂ ಗಾಲಿ ಎಳೆಯುತ್ತವೆ, ಮುಂದೆ ಹಿಂದೆ ಹೊರೆ ಇಡಲು ಕಬ್ಬಿಣದ ಜಾಲರಿ, ಹಿಂದೆ ಸಣ್ಣ ಟ್ರೇಲರ್ ಕಟ್ಟಲು ಕೊಂಡಿ. ಹೊಸದು ನನ್ನ ಕೈಗೆ ನಿಲುಕುವುದಲ್ಲ. ಹಳೆಯವು ಎಲ್ಲಿವೆ ಎಂದು ವಿಚಾರಿಸಿದಾಗ ಎರಡು ಸಿಕ್ಕವು. ಒಂದು ಕೆಂಪು, ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ. ಇನ್ನೊಂದು ಕರಿ, ಲಿಂಗಸುಗೂರಿನಲ್ಲಿ ಕರೆಂಟಿನ ಟವರ್ ಲೈನ್ ಎಳೆಯುವ ಒಬ್ಬ ಗುತ್ತೇದಾರರ ಬಳಿ. ಉಳುಮೆಗೆ ಟ್ರ್ಯಾಕ್ಟರ್ ಬಾಡಿಗೆಗೆ ಸಿಗುತ್ತದೆ, ನಮ್ಮದನ್ನು ಮಾರಿ ಒಂದನ್ನು ಕೊಳ್ಳಬೇಕು. ತಪ್ಪಿದರೆ ಟ್ರ್ಯಾಕ್ಟರೂ ಇಲ್ಲ, ಇದೂ ಇಲ್ಲ.

ಕಾಕಾನನ್ನು ಕರೆಯಲು ಹೋದೆ.

"ನಾ ಎತ್ತಿನ ದಲ್ಲಾಳಿ ಅದೀನಿ. ಪೆಟ್ರೋಲ್ ಕುಡ್ಯಾವು ನನಗೇನು ತಿಳಿತಾವ?"

"ಗಾಡಿ ತಿಳಿಲಿಲ್ಲಂದ್ರ ಮಾರಾವ ತಿಳಿತಾನಲ್ರಿ."

"ಹೂಂ," ಎಂದು ಮೂಗು ಒರೆಸಿಕೊಂಡರು. "ಅದು ಖರೇ."

ಮಿಲ್ಲಿಗೆ ಹೋದ ದಿನ ಕೆಂಪು ಗಾಡಿ ಮದುಮಗನ ಹಾಗೆ ಹೊಳೆಯುತ್ತಿತ್ತು. ಮಿಲ್ಲಿನ ಮ್ಯಾನೇಜರ್ ತೆಲುಗು ಮಿಶ್ರ ಕನ್ನಡದಲ್ಲಿ ನಗುನಗುತ್ತಾ ಬಂದ. ಕಾಕಾ ಗಾಡಿಯ ಹತ್ತಿರವೂ ಹೋಗಲಿಲ್ಲ. "ತೊಳೆದೀರಿ. ನಾಳೆ ಬರ್ತೀವಿ, ಅಲ್ಲಿತನಕ ಇದನ್ನ ಧೂಳದಾಗ ಓಡಸ್ರಿ" ಎಂದು ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು.

ಮರುದಿನ ಬಿಸಿಲು ನೆತ್ತಿಗೆ ಬಂದಾಗ ಹೋದೆವು. ಕಾಕಾ ಎತ್ತು ನೋಡುವ ರೀತಿಯಲ್ಲೇ ನೋಡಿದರು. ಮೊದಲು ಹಿಂದಿನಿಂದ. ಅಕ್ಕಿಯ ಚೀಲ ಹೇರಿಸಿ ಹಿಂಭಾಗ ಎಷ್ಟು ಕುಸಿಯುತ್ತದೆ ಎಂದು ನೆಲಕ್ಕೆ ಕೂತು ನೋಡಿದರು. ಕುಸಿಯಲಿಲ್ಲ. ಹಿಂದಿನ ಎರಡು ಗಾಲಿಗೂ ಸೇರಿ ಒಂದೇ ಗಟ್ಟಿ ಅಚ್ಚು, ನಮ್ಮ ಬಂಡಿಯ ಹಾಗೆ. ಕಾಲುವೆಯ ದಂಡೆಯ ಮೇಲೆ ತಿರುಗಿಸಲು ಹೇಳಿದರು. ಒಂದೇ ಸಲಕ್ಕೆ ತಿರುಗಿತು. ದಂಡೆಯ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಸಲು ಹೇಳಿದರು. ಇಂಜಿನ್ನೇ ಹಿಡಿದುಕೊಂಡು ನಿಧಾನ ಇಳಿಯಿತು. ಒಣ ಮಣ್ಣಿನ ಹೆಂಟೆಯ ಮೇಲೆ ಓಡಿಸಿದಾಗ ಮಾತ್ರ ನನ್ನ ಸೊಂಟ ಕಳಚಿದಂತಾಯಿತು. ಒಂದೇ ಸಿಲಿಂಡರಿನ ದೊಡ್ಡ ಇಂಜಿನ್, ಕೈಕಾಲು ಜುಮ್ಮೆನ್ನುವಷ್ಟು ನಡುಕ. "ಕೂತಾವಗ ಕೆಟ್ಟದ್ದು, ಹೊರೆಗೆ ಚಲೋ" ಎಂದರು ಕಾಕಾ. ಅದಕ್ಕೆ ಕೆಂದ ಎಂದು ಹೆಸರಿಟ್ಟಿದ್ದೂ ಆಗಲೇ. ಕೆಂಪು ಎತ್ತಿಗೆ ನಮ್ಮಲ್ಲಿ ಹಾಗೆ ಕರೆಯುವುದು.

"ಕೆಸರಾಗ ಇಳಸಿ ತೋರಸ್ರಿ" ಎಂದರು.

"ಕಾಲುವೆ ಬಂದ್ ಐತಲ್ಲ ಪೆದ್ದಾಯನಾ, ಕೆಸರು ಎಲ್ಲಿಂದ ತರೋಣ?" ಎಂದ ಮ್ಯಾನೇಜರ್, ತೆಲುಗಿನಲ್ಲಿ ಹಿರಿಯರನ್ನು ಕರೆಯುವ ಹಾಗೆ.

ಅದೂ ನಿಜ. ನೀರು ಬಿಡಲು ಇನ್ನೂ ಹೊತ್ತಿತ್ತು. ಕಡೆಗೆ ಇಂಜಿನ್ ಬಂದ್ ಮಾಡಿಸಿ ಕಾಕಾ ಅದರ ಎದೆಯ ಹತ್ತಿರ ಕಿವಿ ಇಟ್ಟರು. ಒಂದು ಸದ್ದೂ ಇಲ್ಲ. ಅಷ್ಟು ಬಿಸಿಲಲ್ಲಿ ದುಡಿದು ಬಂದು ಕಲ್ಲಿನ ಬಸವಣ್ಣನ ಹಾಗೆ ಸುಮ್ಮನೆ ನಿಂತಿತ್ತು. ಕಾಕಾ ನಶ್ಯದ ಡಬ್ಬಿ ತೆಗೆದರು. ವ್ಯಾಪಾರದ ಹೊತ್ತಿನಲ್ಲಿ ಮಾಲು ಮೆಚ್ಚಿದರೆ ಮಾತ್ರ ಅವರ ಕೈ ಡಬ್ಬಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು.

ಲಿಂಗಸುಗೂರಿನಲ್ಲಿ ಗುತ್ತೇದಾರರ ಅಂಗಳ ರಸ್ತೆಯ ಬಗಲಿಗೇ ಇತ್ತು. ಎದುರಿಗೆ ಚಹಾದ ಅಂಗಡಿ. ದಲ್ಲಾಳಿ ಬಂದಿದ್ದಾನೆ, ಗಾಡಿಯ ಹಲ್ಲು ನೋಡುತ್ತಾನಂತೆ ಎಂದು ಅಂಗಡಿಯ ಮುಂದೆ ಕೂತವರೆಲ್ಲ ಎದ್ದು ಬಂದು ಸುತ್ತುಗಟ್ಟಿದರು.

ಕರಿಯ ಬೇರೆಯದೇ ಪ್ರಾಣಿ. ಎರಡು ಸಿಲಿಂಡರು, ಉದ್ದ ಮೈ. ಹಿಂದಿನ ಒಂದೊಂದು ಗಾಲಿಗೂ ಬೇರೆ ಬೇರೆ ಸ್ಪ್ರಿಂಗು. ಕಲ್ಲು, ಹೆಂಟೆ, ಕಂಟಿ ಏನೇ ಬಂದರೂ ಕೂತವನಿಗೆ ತೊಟ್ಟಿಲಲ್ಲಿ ತೂಗಿದಂತೆ. ಮುಟ್ಟಿದರೆ ಚಿಮ್ಮುವ ಶಕ್ತಿ. ಆದರೆ ಹೊರೆ ಹೇರಿದಾಗ ಹಿಂಭಾಗ ಕೂತಿತು. ಅಂಗಳದಲ್ಲಿ ಹೊರಳಿಸಲು ಹಿಂದೆ ಮುಂದೆ ಮಾಡಬೇಕಾಯಿತು. ಮೈ ಭಾರ. ಇದಕ್ಕೆ ರೋಡಿನ ನಂಬರೂ ಇರಲಿಲ್ಲ, ಹೊಲದಿಂದ ಹೊಲಕ್ಕೆ ಒಯ್ಯಬೇಕಾದರೆ ಪಿಕಪ್ಪಿನ ಮೇಲೆ ಹೇರಬೇಕು. ಕೆಂದನಿಗೆ ಟ್ರ್ಯಾಕ್ಟರಿನ ಲೆಕ್ಕದಲ್ಲಿ ನಂಬರು ಮಾಡಿಸಿದ್ದರು.

ಇಷ್ಟು ಸಾಕಾಗಿತ್ತು, ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಹೊಲ ಸುತ್ತಿಸಿ ತಂದು ಇಂಜಿನ್ ಬಂದ್ ಮಾಡಿದಾಗ ಒಳಗಿಂದ ಗುಂಯ್ ಎಂದು ಗಾಳಿಯ ಸದ್ದು ಬರುತ್ತಲೇ ಇತ್ತು. ಕಾಕಾನ ಹುಬ್ಬು ಮೇಲೇರಿತು.

"ಬಂದ್ ಮಾಡೀರಿ?"

"ಮಾಡೀನ್ರಿ" ಎಂದರು ಗುತ್ತೇದಾರರು.

"ಮತ್ತ ಉಸಿರು ಬಿಡಾಕತ್ತೈತಲ್ಲ?"

"ಅದು ಫ್ಯಾನ್ ಅಜ್ಜಾ. ಒಳಗಿನ ನೀರು ತಣ್ಣಗ ಮಾಡಾಕ ತಾನ ತಿರಗತೈತಿ."

"ಎತ್ತು ತೇಕಿದ್ರೂ ಮಾರಾವ ಹಂಗ ಅಂತಾನ. ತಣ್ಣಗ ಆಗಾಕತ್ತೈತಿ, ಏನಿಲ್ಲ ಅಂತ." ಕಾಕಾ ಸುತ್ತಿದ್ದವರ ಕಡೆ ತಿರುಗಿ ಟವೆಲ್ ಝಾಡಿಸಿದರು. "ಇದು ದಮ್ಮಿನ ಎತ್ತು! ಮೈ ನೋಡಿ ಮರುಳಾಗಬ್ಯಾಡ್ರಿ."

ಎಲ್ಲರೂ ನಕ್ಕರು. ಒಬ್ಬ, "ಸಾವಕಾರ್ರ, ನಿಮ್ಮ ಗಾಡಿಗೆ ದಮ್ಮಿನ ಗುಳಿಗಿ ಹಾಕ್ರಿ" ಎಂದ. ಗುತ್ತೇದಾರರ ಮುಖ ಕಪ್ಪಿಟ್ಟಿತು. ನಾನೂ ನಕ್ಕೆ. ಫ್ಯಾನ್ ಎಂದು ಗುತ್ತೇದಾರರು ಹೇಳಿದ್ದು ನನಗೂ ನೆವದಂತೆಯೇ ಕಂಡಿತ್ತು.

ಕೆಂದನನ್ನು ತಂದೆ. ಊರಲ್ಲಿ ತಿರುಗಿಸಿದೆ. ಟ್ರ್ಯಾಕ್ಟರ್ ಮಾರಿ ಆಟದ ಗಾಡಿ ತಂದಾನೆ ಎಂದು ಆಡಿಕೊಂಡವರು ಬದುವಿನ ಮೇಲೆ ಅದು ಗೊಬ್ಬರ ಹೊತ್ತು ಓಡುವುದನ್ನು ಕಂಡು ಬಾಡಿಗೆ ಕೇಳಲು ಬಂದರು. ಕಾಲುವೆಗೆ ನೀರು ಬಂತು. ನಾಟಿ ಶುರುವಾಯಿತು. ಮುಕ್ಕುಂದದ ಒಬ್ಬ ದೊಡ್ಡ ರೈತರು ಪೂರ್ತಿ ಹಂಗಾಮಿಗೆ ಸಸಿ ಸಾಗಿಸುವ ಕೆಲಸ ನನಗೇ ಒಪ್ಪಿಸಿದರು. ಅದೊಂದು ಕೆಲಸ ನೆಟ್ಟಗೆ ಮುಗಿದರೆ ಸುತ್ತಿನ ಎಲ್ಲರೂ ನನ್ನ ಹತ್ತಿರ ಬರುತ್ತಾರೆ ಎಂದು ನನಗೆ ಗೊತ್ತಿತ್ತು.

ಮೊದಲ ದಿನ ಮಧ್ಯಾಹ್ನದೊಳಗೆ ಕೆಂದ ಕುದಿಯಿತು. ಗದ್ದೆಯ ನಡುವಿನ ಕೆಸರುದಾರಿಯಲ್ಲಿ ಟ್ರೇಲರಿನ ತುಂಬ ಸಸಿ ಹೇರಿಕೊಂಡು ನಿಧಾನ ಎಳೆಯುತ್ತಿದ್ದೆ. ಕೆಂಪು ದೀಪ ಹತ್ತಿತು. ಬೆಂದ ವಾಸನೆ ಬಂತು. ನಿಲ್ಲಿಸಿದೆ. ಕಾಲ ಸಂದಿಯಿಂದ ಬುಸ್ಸೆಂದು ಹಬೆ. ಅತ್ತ ಗದ್ದೆಯಲ್ಲಿ ನಾಟಿಯ ಹೆಣ್ಣುಮಕ್ಕಳು ಸೆರಗು ಕಟ್ಟಿಕೊಂಡು ಖಾಲಿ ಕೈಯಲ್ಲಿ ನಿಂತಿದ್ದಾರೆ. ಇತ್ತ ಕಿತ್ತ ಸಸಿ ಬಿಸಿಲಿಗೆ ಬಾಡುತ್ತಿದೆ.

"ಅಣ್ಣಾ, ಚಾ ಕಾಸಾಕತ್ತೀಯೇನೋ? ನಮಗೂ ಒಂದೊಂದು ಕಪ್ ಕೊಡು" ಎಂದಳು ಗುಂಪಿನ ಮುಂದಾಳು.

ನಗು ಎದ್ದಿತು. ಆಮೇಲೆ ಅವರೇ ಬಂದು ಕಟ್ಟುಗಳನ್ನು ತಲೆಯ ಮೇಲೆ ಹೊತ್ತುಕೊಂಡು ಹೋದರು. ಗದ್ದೆಯ ಮಾಲೀಕರು ಬೈಯಲಿಲ್ಲ. "ನಾಳೆಯಿಂದ ಮತ್ತ ಆಳು ನೋಡ್ತೀನಿ" ಎಂದಷ್ಟೇ ಅಂದರು. ಬೈದಿದ್ದರೆ ಚಲೋ ಇತ್ತು.

ಸಿಂಧನೂರಿನ ಕಾರಿನ ಮೆಕ್ಯಾನಿಕ್ ಮುಂದಿನ ಜಾಲರಿ ಬಿಚ್ಚಿ ನೋಡಿ, "ಇದರ ಫ್ಯಾನೇ ತಿರಗಂಗಿಲ್ಲಲ್ರಿ" ಎಂದ. ವೈರನ್ನು ಇಲಿ ಕಡಿದಿತ್ತು. ಅಕ್ಕಿ ಗೋದಾಮಿನಲ್ಲಿ ನಿಂತ ಗಾಡಿ, ಇಲಿಗೇನು ಬರ. ಗಾಡಿ ಓಡುವಾಗ ಎದುರುಗಾಳಿ ಹೊಡೆದು ತಣ್ಣಗಿರುತ್ತದೆ, ಕೆಸರಿನಲ್ಲಿ ನಿಧಾನ ಎಳೆಯುವಾಗ ಫ್ಯಾನು ಬೇಕೇ ಬೇಕು ಎಂದು ವಿವರಿಸಿದ. "ಚಲೋ ಇದ್ದ ಗಾಡಿದು ಬಂದ್ ಮಾಡಿದ ಮ್ಯಾಲೂ ಸ್ವಲ್ಪ ಹೊತ್ತು ತಿರಗತೈತ್ರಿ" ಎಂದು ಸೇರಿಸಿದ.

ಉಸಿರು ಬಿಟ್ಟದ್ದು ಗಟ್ಟಿ ಎತ್ತು. ಸುಮ್ಮನಿದ್ದದ್ದು ರೋಗದ ಎತ್ತು. ನಾವು ತಿರುವುಮುರುವಾಗಿ ನೋಡಿದ್ದೆವು.

ಅಲ್ಲಿಂದಲೇ ಕಾಕಾನಿಗೆ ಫೋನ್ ಹಚ್ಚಿದೆ. ಎಲ್ಲ ಹೇಳಿದೆ, ಸ್ವರ ಏರಿಸಿಯೇ ಹೇಳಿದೆ. ಅವರು ಪೂರ್ತಿ ಕೇಳಿ, "ಲಿಂಗಸೂಗೂರಿಂದು ಖರೇನ ಫ್ಯಾನ್ ಇತ್ತಂದಂಗಾತು" ಎಂದರು. ಫೋನ್ ಕಟ್ಟಾಯಿತು.

ನನ್ನ ಗಾಡಿಯ ಬಗ್ಗೆ ಒಂದು ಮಾತಿಲ್ಲ, ಆ ಗಾಡಿಯ ಬಗ್ಗೆ ಯಾಕೆ? ಆ ಮಾತು ಕಿವಿಯಲ್ಲಿ ಮುಳ್ಳಿನಂತೆ ನಿಂತಿತು. ಆಮೇಲೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ವೈರು ಹಾಕಿಸಿದ ಮೇಲೆ ಕೆಂದ ಸರಿಯಾಗಿ ದುಡಿಯುತ್ತಿತ್ತು, ಮುಕ್ಕುಂದದವರು ಮತ್ತೆ ಕರೆದಿದ್ದರು. ಆದರೆ ನನ್ನ ತಲೆ ದುಡಿಮೆಯಲ್ಲಿ ಇರಲಿಲ್ಲ. ಅಷ್ಟರಲ್ಲಿ ಮಸ್ಕಿಯ ಒಬ್ಬ ಗೊಬ್ಬರದ ಅಂಗಡಿಯವ ಹೇಳಿದ: "ನಿಮ್ಮ ಕಾಕಾ ದಿನಾ ಲಿಂಗಸೂಗೂರಿಗೆ ಹೊಂಟಾನಲ್ಲ? ಆ ಗುತ್ತೇದಾರನ ಅಂಗಳದ ಮುಂದ ಕುಂತಿದ್ದ, ಕಂಡೀನಿ."

ದಲ್ಲಾಳಿಗಳ ಹಳೆಯ ಆಟ ಒಂದಿದೆ. ಚಲೋ ಎತ್ತಿಗೆ ನಾಲ್ಕು ಜನರ ಮುಂದೆ ಕೆಟ್ಟ ಹೆಸರು ಹಚ್ಚುವುದು. ಬೆಲೆ ಬಿದ್ದ ಮೇಲೆ ತನ್ನ ಕಡೆಯವನಿಗೆ ಸಸ್ತಾದಲ್ಲಿ ಹೊಡೆಯುವುದು. ನನಗೆ ಎಲ್ಲ ಕೂಡಿಬಂದಂತೆ ಕಂಡಿತು. ಫ್ಯಾನಿನ ಸಂಗತಿ ಕಾಕಾನಿಗೆ ಮೊದಲೇ ಗೊತ್ತಿತ್ತು. ಬೇಕೆಂದೇ ದಮ್ಮು ಅಂದರು. ನನಗೆ ಕೆಟ್ಟದ್ದನ್ನು ಕಟ್ಟಿ, ಚಲೋದನ್ನು ತನ್ನವರಿಗೆ ಇಟ್ಟುಕೊಂಡರು. ನಮ್ಮಪ್ಪನ ಎತ್ತುಗಳ ಕಾಲದಿಂದ ನಂಬಿದ ಮನುಷ್ಯ!

ಮಸ್ಕಿಗೆ ಹೋದೆ. ಕಾಕಾ ಮನೆಯಲ್ಲಿ ಇರಲಿಲ್ಲ. ಕಾಕಿ ಕಟ್ಟೆಯ ಮೇಲೆ ಬ್ಯಾಳಿ ಹಸನು ಮಾಡುತ್ತಿದ್ದಳು.

"ಲಿಂಗಸೂಗೂರಿಗೆ ಹೋಗ್ಯಾರಪ್ಪ. ಯಾಕಂತ ಕೇಳಿದ್ರ ನನ್ನ ಮ್ಯಾಲೇ ಕಣ್ಣು ಬಿಡ್ತಾರ. ಸರಿಯಾಗಿ ಉಂಡಿಲ್ಲ. ನಿನ್ನ ಜೋಡಿ ಏನರ ಜಗಳ ಆತೇನು?"

"ಇನ್ನಾ ಆಗಿಲ್ಲ ಕಾಕಿ" ಎಂದು ಬೈಕ್ ತಿರುಗಿಸಿದೆ.

ಅಂಗಳದಿಂದ ಸ್ವಲ್ಪ ದೂರ ಒಂದು ಬೇವಿನ ಗಿಡದ ಮರೆಯಲ್ಲಿ ನಿಂತೆ. ಕರಿಯ ಹಾಗೆಯೇ ನಿಂತಿತ್ತು, ಮೈ ಮೇಲೆ ಧೂಳು. ಕಾಕಾ ಎದುರಿನ ಚಹಾದ ಅಂಗಡಿಯ ಕಲ್ಲಿನ ಮೇಲೆ ಕೂತಿದ್ದರು. ಯಾರ ಜೊತೆಯೂ ಮಾತಿಲ್ಲ. ಬಂದವರನ್ನೆಲ್ಲ ನೋಡುತ್ತಿದ್ದರು. ಯಾರನ್ನೋ ಕಾಯುವ ಹಾಗೆ. ಗಿರಾಕಿಯನ್ನು ಕಾಯುತ್ತಿದ್ದಾರೆ ಎಂದುಕೊಂಡೆ, ನನ್ನ ಲೆಕ್ಕ ಸರಿ ಎಂದುಕೊಂಡೆ. ನಿಧಾನಕ್ಕೆ ಅಂಗಡಿ ತುಂಬಿತು. ಅಂದು ಸುತ್ತುಗಟ್ಟಿದ್ದ ಮಂದಿಯೇ ಬಹಳ. ದಮ್ಮಿನ ಗುಳಿಗಿ ಎಂದು ನಗಿಸಿದವನೂ ಬಂದ. ಅವನನ್ನು ಕಂಡದ್ದೇ ಕಾಕಾ ಎದ್ದರು.

"ಬರ್ರಿ, ಎಲ್ಲಾರೂ ಬರ್ರಿ. ಅಂದು ಇದ್ದವರು ಇಂದೂ ಇರಬೇಕು. ನೀನ ಸಿಕ್ಕಿರಲಿಲ್ಲ, ನಿನ್ನ ಸಲುವಾಗಿ ದಿನಾ ಬರಾಕತ್ತಿದ್ದೆ."

"ನಾ ಏನು ಮಾಡೀನ್ರಿ?" ಎಂದು ಅವನು ಗಾಬರಿಯಾದ.

"ನೀ ಏನೂ ಮಾಡಿಲ್ಲ. ನಾ ಆಡಿದ್ದನ್ನ ಊರೆಲ್ಲ ಹಂಚಿದಿ. ಈಗ ಇದನ್ನೂ ಹಂಚು."

ಗುತ್ತೇದಾರರು ಒಳಗಿಂದ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತರು. "ಮತ್ಯಾಕ ಬಂದ್ಯೋ ಅಜ್ಜಾ? ಇನ್ನಾ ಏನು ಉಳಿದೈತಿ ಅನ್ನಾಕ? ನಿನ್ನ ಬಾಯಿಂದ ಒಬ್ಬ ಗಿರಾಕಿನೂ ಈ ಕಡಿ ಹಾಯಲಿಲ್ಲ."

ಕಾಕಾ ಅಂಗಳಕ್ಕೆ ಹೋಗಿ ಹೆಗಲ ಟವೆಲ್ ತೆಗೆದು ಕರಿಯನ ಸೀಟಿನ ಮೇಲೆ ಹಾಸಿದರು. ದನದ ಸಂತೆ ಕಂಡವರಿಗೆ ಅದರ ಅರ್ಥ ಗೊತ್ತು. ದಲ್ಲಾಳಿ ತನ್ನ ಟವೆಲ್ಲನ್ನು ದನದ ಬೆನ್ನ ಮೇಲೆ ಹಾಸಿದರೆ ಆ ದನದ ಮುಂದೆ ತಾನು ಸೋತೆ ಎಂದು. ನಮ್ಮಪ್ಪ ಆ ಪದ್ಧತಿ ಹೇಳಿದ್ದು ಕೇಳಿದ್ದೆ, ಯಾರೂ ಮಾಡಿದ್ದು ಕಂಡಿರಲಿಲ್ಲ.

"ಇದಕ್ಕ ದಮ್ಮಿಲ್ಲ," ಎಂದರು. ಸ್ವರ ಸಂತೆಯ ಸ್ವರವೇ, ಎತ್ತರದ್ದು. "ನಾ ದಮ್ಮು ಅಂದಿದ್ದೆ. ಇವರು ಫ್ಯಾನ್ ಅಂತ ಹೇಳಿದ್ರು, ನಾ ನಂಬಲಿಲ್ಲ. ಮಾರಾವನ ಮಾತು ಅಂತ ಅನುಮಾನ ಮಾಡಿದೆ. ನನ್ನ ಕಣ್ಣು, ನನ್ನ ಕಿವಿ ಎರಡೂ ಸೋತಾವ. ಈ ಗಾಡಿ ಗಟ್ಟಿ ಐತಿ. ಕೆಸರಿಗೆ ಬ್ಯಾಡ, ಬದುವಿನ ಮ್ಯಾಲೆ ಬ್ಯಾಡ, ಅದು ಬ್ಯಾರೆ ಮಾತು. ಎರಿಹೊಲಕ್ಕ, ಕಲ್ಲುಭೂಮಿಗೆ, ದೂರ ದೂರದ ತೊಗರಿ ಹೊಲಕ್ಕ ಇದರಂಥಾದ್ದು ಇಲ್ಲ. ಮಳಿ ಬಂದು ಎರಿ ಅಂಟಾಗ ಮಾತ್ರ ಇದರ ಹೊಟ್ಟಿ ಒಳಗಿನ ಬೆಲ್ಟ್ ಸುಡತೈತಂತ, ಅದನ್ನೂ ಕೇಳಿ ತಿಳಕೊಂಡೀನಿ. ಇದ್ದದ್ದು ಇದ್ದಂಗ ಹೇಳೀನಿ."

ಯಾರೂ ನಗಲಿಲ್ಲ. ಗುತ್ತೇದಾರರು ಕೈ ಇಳಿಸಿದರು. "ಈಗ ಹೇಳಿದ್ರ ಹೋದ ಗಿರಾಕಿ ಬರ್ತಾರೇನು?"

"ಗಿರಾಕಿ ನಾ ತರ್ತೀನಿ. ದಲ್ಲಾಳಿ ರೊಕ್ಕ ಮುಟ್ಟಂಗಿಲ್ಲ."

ಟವೆಲ್ ತೆಗೆದುಕೊಂಡು ರಸ್ತೆಗೆ ಬಂದವರು ಬೇವಿನ ಗಿಡದ ಕಡೆ ನೆಟ್ಟಗೆ ನಡೆದು ಬಂದರು. ಮೊದಲೇ ನನ್ನ ಬೈಕ್ ಕಂಡಿರಬೇಕು.

"ಹಿಂದ ಬಂದಿಯಲ್ಲ ಮಗನ?"

"ಹೌದ್ರಿ."

"ಇದನ್ನ ಸಸ್ತಾ ಮಾಡಿ ಯಾರಿಗರ ಹೊಡಿಯಾಕ ಬಂದೀನಿ ಅಂತ ತಿಳಕೊಂಡಿದ್ದಿ."

ಸುಳ್ಳು ಹೇಳಿ ಉಪಯೋಗವಿರಲಿಲ್ಲ. "ಹೌದ್ರಿ ಕಾಕಾ" ಎಂದೆ.

ಅವರ ಮುಖ ಸಡಿಲಾಯಿತು. "ಚಲೋ ಮಾಡಿದಿ. ನಿನ್ನ ಜಾಗದಾಗ ನಾ ಇದ್ದಿದ್ರ ನಾನೂ ಬರ್ತಿದ್ದೆ. ನಡಿ, ಮನಿ ಮುಟ್ಟಸು, ಹಸಿವಾಗೇತಿ."

ದಾರಿಯಲ್ಲಿ ಹಿಂದೆ ಕೂತು ಒಂದೇ ಮಾತು ಆಡಿದರು. "ಕೆಂದನ ಬಗ್ಗೆ ನಾ ಅಂದಿದ್ದು ಅರ್ಧ ಖರೇ ಆತು. ಅಚ್ಚು ನೋಡಿದ್ದು ಸರಿ, ಉಸಿರು ನೋಡಿದ್ದು ತಪ್ಪು. ಅರ್ಧ ಖರೇ ಇದ್ದದ್ದ ಭಾಳ ಮೋಸದ್ದು."

ಮಿಲ್ಲಿನವರಿಗೆ ಇಲಿಯ ಸಂಗತಿ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನನಗೆ ತಿಳಿಯದು. ಕಾಕಾ ಒಂದು ದಿನ ಗೊತ್ತಿತ್ತು ಅನ್ನುತ್ತಿದ್ದರು, ಇನ್ನೊಂದು ದಿನ ಇಲ್ಲ ಅನ್ನುತ್ತಿದ್ದರು.

ಗಿರಾಕಿಯನ್ನು ಅವರು ತಂದದ್ದು ನಿಜ. ಸಂತೆಕಲ್ಲೂರಿನ ಒಬ್ಬ ಜ್ವಾಳ-ತೊಗರಿಯ ರೈತ. ಮನೆಯಿಂದ ಹೊಲ ದೂರ, ಹೊಲದಿಂದ ಹೊಲ ದೂರ, ಔಷಧ ಸಿಂಪಡಿಸುವ ನೀರಿನ ಟ್ಯಾಂಕ್ ಹೊತ್ತು ಸಾಕಾಗಿದ್ದವನು. ಅವನಿಗೆ ಕರಿಯ ಹೇಳಿಮಾಡಿಸಿದ ಹಾಗೆ ಒದಗಿತು. ಆದರೂ ಕಾಕಾನಿಗೆ ಸಮಾಧಾನವಿರಲಿಲ್ಲ. ಶೇರ್ ಆಟೊದಲ್ಲಿ ಸಂತೆಕಲ್ಲೂರಿಗೆ ಹೋಗಿ ಹೊಲದ ಬದುವಿನ ಮೇಲೆ ಕೂತು ಕರಿಯ ದುಡಿಯುವುದನ್ನು ನೋಡಿ ಬರುತ್ತಿದ್ದರು. ರೈತ ಚಹಾ ಕೊಟ್ಟರೆ ಮೂಸಿ ಕುಡಿಯುತ್ತಿದ್ದರು. ಹೊರಡುವಾಗ, "ಬಂದ್ ಮಾಡು, ಉಸಿರು ಕೇಳೋಣ" ಅನ್ನುತ್ತಿದ್ದರು. ಫ್ಯಾನಿನ ಸದ್ದು ಬಂದರೆ ತಲೆಯಾಡಿಸಿ ಎದ್ದು ಬರುತ್ತಿದ್ದರು.

ಮುಂದಿನ ಹಂಗಾಮಿನ ಹೊತ್ತಿಗೆ ಕಾಕಾ ಹಾಸಿಗೆ ಹಿಡಿದರು. ಎದೆಯಲ್ಲಿ ನೀರು ತುಂಬಿಕೊಂಡಿತ್ತು. ನಾನು ಹೋದಾಗ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. "ನಿನ್ನೆ ಕೊಟ್ಟಿದ್ದು ಇಷ್ಟು ಬಿಳೇದು ಇರಲಿಲ್ಲ" ಎಂದು ಕಾಕಿಯ ಜೊತೆ ವಾದ. ಮಾತಾಡಿದರೆ ಉಸಿರು ಸಾಲುತ್ತಿರಲಿಲ್ಲ. ಕಾಕಿ ಒಳಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದರು.

"ಆ ಮಾತು ಇನ್ನಾ ಎಲ್ಲರ ಹೊಂಟೈತೇನು?"

"ಯಾವ ಮಾತ್ರಿ?"

"ದಮ್ಮಿನ ಮಾತು. ಕರಿಯಂದು."

ಆ ವಾರವೇ ಕೇಳಿದ್ದೆ. ಸಿಂಧನೂರಿನಲ್ಲಿ ಪಂಪ್‌ಸೆಟ್ ಅಂಗಡಿಯ ಮುಂದೆ ಯಾರೋ, ಆ ಕರಿ ಜಾತಿಯ ಗಾಡಿ ತಗೋಬೇಡ, ಅದು ದಮ್ಮಿನದಂತೆ ಎಂದು ಇನ್ನೊಬ್ಬನಿಗೆ ಹೇಳುತ್ತಿದ್ದ. ಸಾಯುವ ಮನುಷ್ಯನಿಗೆ ಅದನ್ನೇನು ಹೇಳುವುದು?

"ಇಲ್ರಿ ಕಾಕಾ. ಯಾರೂ ಅನ್ನಂಗಿಲ್ಲ ಈಗ."

ಅವರು ಕಣ್ಣು ಕಿರಿದು ಮಾಡಿದರು. ಆ ನೋಟ ನಾನು ಸಂತೆಯಲ್ಲಿ ಎಷ್ಟೋ ಸಲ ಕಂಡಿದ್ದೆ, ನನ್ನ ಮೇಲೆ ಬಿದ್ದದ್ದು ಕಡಿಮೆ.

"ಸುಳ್ಳು. ಎಲ್ಲಿ ಕೇಳಿದಿ, ಹೇಳು."

ಹೇಳಿದೆ.

"ನೀ ಏನಂದಿ?"

"ಏನೂ ಅನ್ನಲಿಲ್ರಿ. ಕೆಲಸದ ಗಡಿಬಿಡಿ ಇತ್ತು."

ಉಸಿರು ತಿರುಗಿಸಿಕೊಂಡು ಹೇಳಿದರು: "ಎತ್ತು ಮಾರಿದ ಮ್ಯಾಲೆ ಹಗ್ಗ ಕೈಯಾಗಿಂದ ಬಿಡತೈತಿ. ಮಾತು ಹಂಗ ಬಿಡಂಗಿಲ್ಲಲೇ. ನನ್ನ ಕಾಲು ಇನ್ನ ಅಲ್ಲಿತನಕ ಬರಂಗಿಲ್ಲ. ನೀ ಊರೂರು ತಿರಗಾವ. ಎಲ್ಲಿ ಕೇಳ್ತಿ, ಅಲ್ಲೇ ನಿಂತು ತಿದ್ದು. ನಾ ಹೇಳೀನಂತ ಹೇಳು."

"ಹೂಂ ರೀ."

"ಖರೇ ಹೇಳ್ತಿಯೋ, ನನ್ನ ಸಮಾಧಾನಕ್ಕ ಅಂತಿಯೋ?"

"ಖರೇ ರೀ."

"ನೋಡೋಣ" ಎಂದರು. ಅದೇ ನಾನು ಅವರ ಬಾಯಿಂದ ಕೇಳಿದ ಕಡೆಯ ಮಾತು.

ನಾಟಿ ಮುಗಿಯುವ ಮೊದಲೇ ಹೋದರು. ವಿಭೂತಿ ಹಚ್ಚಿ, ಹೆಗಲಿಗೆ ಹೊಸ ಟವೆಲ್ ಹಾಕಿ ಕೂಡಿಸಿದ್ದರು. ಲಿಂಗಸುಗೂರಿನ ಗುತ್ತೇದಾರರು ಬಂದಿದ್ದರು, ಸಂತೆಕಲ್ಲೂರಿನ ರೈತನೂ ಬಂದಿದ್ದ. ಮಿಲ್ಲಿನ ಕಡೆಯವರು ಯಾರೂ ಬರಲಿಲ್ಲ. ಕಾಕಾ ಇದ್ದಿದ್ದರೆ ಅದರಿಂದ ಏನೋ ಒಂದು ಲೆಕ್ಕ ತೆಗೆಯುತ್ತಿದ್ದರು.

ಕೆಂದನ ಜೊತೆ ನನ್ನ ದುಡಿಮೆ ನಡೆದಿದೆ. ಕೆಸರಿಗೆ, ಬದುವಿಗೆ ಇದರಂಥದ್ದು ಇಲ್ಲ ಎಂದು ಈಗ ಅನುಭವದಿಂದ ಹೇಳುತ್ತೇನೆ. ಸೊಂಟಕ್ಕೆ ಇದರಂಥ ವೈರಿ ಇಲ್ಲ ಎಂದೂ ಹೇಳುತ್ತೇನೆ. ಅದರ ಜೊತೆಗೆ ಕಾಕಾ ಒಪ್ಪಿಸಿದ ಕೆಲಸವೂ ನಡೆದಿದೆ. ತಪ್ಪು ಮಾತು ಬೇಗ ಸಾಯುವುದಿಲ್ಲ. ನಗಿಸುವ ಮಾತಾದರೆ ಇನ್ನೂ ತಡ. ಪಂಪ್‌ಸೆಟ್ ಅಂಗಡಿಗೆ ಹೋಗಿ ಹೇಳಿ ಬಂದೆ. ಜವಳಗೇರಾದಲ್ಲಿ ಹೇಳಿದೆ. ಮದುವೆಯ ಊಟದ ಪಂಕ್ತಿಯಲ್ಲಿ ಕೇಳಿಬಂದಾಗ ಎಲೆಯ ಮುಂದಿಂದ ಎದ್ದು ಹೋಗಿ ಹೇಳಿದೆ.

ಮೊನ್ನೆ ಸಿಂಧನೂರಿನ ಗೊಬ್ಬರದ ಅಂಗಡಿಯಲ್ಲಿ ಚೀಲ ಹೇರುತ್ತಿದ್ದೆ. ಒಬ್ಬ ಹರೆಯದ ರೈತ ತನ್ನ ಜೊತೆಗಾರನಿಗೆ, ಕರಿ ಗಾಡಿ ಬೇಡಪ್ಪ, ಅದು ತೇಕತೈತಂತ ಎಂದ. ಚೀಲ ಕೆಳಗಿಟ್ಟು ಹೋದೆ. ಫ್ಯಾನಿನ ಸಂಗತಿ 'ಮಸ್ಕಿಯ ದಲ್ಲಾಳಿ ಹೇಳ್ಯಾರ' ಎಂದೇ ಶುರುಮಾಡಿ ಹೇಳಿದೆ. ಒಣಭೂಮಿಗೆ ಅದು ಹೇಗೆ, ನೀರಿನ ಭೂಮಿಗೆ ಇದು ಹೇಗೆ, ಯಾವುದರ ಅಚ್ಚು ಎಂಥದ್ದು, ಯಾವುದರ ಬೆಲ್ಟು ಎಲ್ಲಿ ಸುಡುತ್ತದೆ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ. ಕೇಳಿ ನನ್ನ ಕೆಂಪು ಗಾಡಿಯ ಕಡೆ ನೋಡಿದ, ನನ್ನ ಕಡೆ ನೋಡಿದ, ಕಣ್ಣು ಕಿರಿದು ಮಾಡಿದ.

"ನೀ ಓಡಸಾದು ಕೆಂಪು ಗಾಡಿ, ಹೊಗಳಾದು ಕರಿ ಗಾಡಿ. ಖರೇ ಹೇಳಣ್ಣಾ, ಅವರು ನಿನಗ ಏನು ಕೊಟ್ಟಾರ?"

ಅಂಗಡಿಯವರೆಲ್ಲ ನಕ್ಕರು.

"ಅವರು ಏನೂ ಕೊಟ್ಟಿಲ್ಲಪ್ಪ," ಎಂದೆ. "ಮಸ್ಕಿಯ ದಲ್ಲಾಳಿ ಈ ಕೆಲಸ ಕೊಟ್ಟಾರ."